ಖಂಡೇನವಮಿಗೆ ನಾನು ಸ್ವಚ್ಛ ಮಾಡಿದ ಫೋಲ್ಡರು

ಅನ್ವಿ, ಹೋದ ರವಿವಾರ ನೀನು ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರವಿಕೊಂಡು ಕಾಲೇಜಿನ ಪ್ರಾಜೆಕ್ಟ್ ಮಾಡುತ್ತಿದ್ದೆ. ನಾನು ಪಕ್ಕದಲ್ಲಿ ಎಲೆ ಬಿಡಿಸಿ ಮೆಂತ್ಯಪಲ್ಲೆ ಸೋಸುತ್ತಿದ್ದೆ. ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂದು ಬಂತು. ಫೈಲು ಯಾರದು, ಬರೆಯಲು ಹೊರಟವರು ಯಾರು, ಏನನ್ನೂ ನೀನು ನೋಡಲಿಲ್ಲ. ಟಪಟಪನೆ ಸೆವೆನ್ ಸೆವೆನ್ ಸೆವೆನ್ ಎಂದು ಒತ್ತಿಬಿಟ್ಟೆ. ಯಾರು ಬೇಕಾದರೂ ಓದಲಿ, ಯಾರು ಬೇಕಾದರೂ ಬರೆಯಲಿ, ಯಾರು ಬೇಕಾದರೂ ಓಡಿಸಲಿ ಎಂದು ಅದರ ಅರ್ಥ.

“ಹಂಗ್ಯಾಕ ಮಾಡಿದಿ?” ಎಂದೆ.

“ಚಲ್ ಗಯಾ ನಾ, ಅಜ್ಜಿ. ಬಸ್.” ನಡೆಯಿತಲ್ಲ, ಸಾಕು ಎಂದು.

ನಿನ್ನ ತಮ್ಮ ಇಶಾನ್ ಸೋಫಾದಿಂದ ನಕ್ಕ. “ದೀದಿ, ಅಜ್ಜೀ ಕೋ ಕ್ಯಾ ಪತಾ? ಅಜ್ಜಿ ತೋ ಟೈಪಿಂಗ್ ಕರ್ತೀ ಥೀ.” ಅಜ್ಜಿ ಟೈಪಿಂಗ್ ಮಾಡುತ್ತಿದ್ದವಳು, ಅವಳಿಗೇನು ಗೊತ್ತು ಎಂದು.

ನಾನು ಸುಮ್ಮನೆ ಪಲ್ಲೆ ಸೋಸಿದೆ. ಎದುರಿಗೆ ಮಾತನಾಡುವುದು ನನಗೆ ಯಾವತ್ತೂ ಬಂದಿಲ್ಲ. ಆದರೆ ಬರುವ ವರ್ಷ ನೀನು ಇದೇ ಕೆಲಸಕ್ಕೆ ಹೋಗುವವಳು. ನಿನ್ನಂಥ ಒಬ್ಬಳ ನೌಕರಿ ನನ್ನ ಕೈಯಿಂದಲೇ ಹೋಗುವುದರಲ್ಲಿತ್ತು. ಅದನ್ನು ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಅಮ್ಮ ಓದಿ ಹೇಳುತ್ತಾಳೆ.

ನಾನು ಬಿಜಾಪುರದ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವಳು. ಮದುವೆಯಾಗಿ ಡೊಂಬಿವಲಿಗೆ ಬಂದೆ. ನಿಮ್ಮ ಅಜ್ಜ ಅಂಬರನಾಥದ ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡಾಗ ನಿಮ್ಮ ಅಮ್ಮನಿಗೆ ಆರು ವರ್ಷ. ಟೈಪಿಂಗ್ ಕಲಿತು ಠಾಣೆಯ ಒಂದು ಚಿಕ್ಕ ಕಂಪನಿಯಲ್ಲಿ ಡೇಟಾ ಎಂಟ್ರಿಗೆ ಸೇರಿದೆ. ಅಷ್ಟರಮಟ್ಟಿಗೆ ಇಶಾನ್ ಹೇಳಿದ್ದು ಸರಿ. ಅಲ್ಲಿ ಒಂದು ಯುನಿಕ್ಸ್ ಯಂತ್ರವಿತ್ತು, ಆಫೀಸಿನವರೆಲ್ಲ ಬಳಸುವ ಒಂದೇ ದೊಡ್ಡ ಕಂಪ್ಯೂಟರು. ಅದನ್ನು ನೋಡಿಕೊಳ್ಳುತ್ತಿದ್ದವರು ಒಂದು ದಿನ ಹೇಳದೆ ಕೇಳದೆ ದುಬೈಗೆ ಹೋದರು. ಅವರು ಮಾಡುತ್ತಿದ್ದುದನ್ನೆಲ್ಲ ಹಿಂದೆ ಕೂತು ನೋಡುತ್ತಿದ್ದವಳು ನಾನೊಬ್ಬಳೇ. ಹಾಗೆ ಅದು ನನ್ನ ಕೊರಳಿಗೆ ಬಿತ್ತು. ಆಮೇಲೆ ಕಂಪನಿ ಘಣಸೋಲಿಗೆ ಬಂತು, ಯಂತ್ರಗಳು ಬದಲಾದವು, ನಾನು ನಿವೃತ್ತಿಯಾಗುವ ತನಕ ಅದೇ ಕೆಲಸದಲ್ಲಿ ಇದ್ದೆ. ಗಿರಾಕಿಗಳ ವೆಬ್‌ಸೈಟುಗಳು ನಮ್ಮ ಸರ್ವರ್ ಮೇಲೆ ಇರುತ್ತಿದ್ದವು. ಅವು ನಿಂತರೆ ಎಬ್ಬಿಸುವುದು ನನ್ನ ಪಾಲು. ಬಡ್ತಿಗಳ ವಿಷಯದಲ್ಲಿ ಬರೆಯಲು ಏನೂ ಇಲ್ಲ, ಇದ್ದರೂ ಬರೆಯುತ್ತಿರಲಿಲ್ಲ.

ಕಂಟೇನರ್ ಬಂದಾಗ ಎಲ್ಲರೂ ಕುಣಿದರು. ಪ್ರೋಗ್ರಾಮು, ಅದಕ್ಕೆ ಬೇಕಾದ ಸಾಮಾನು ಎಲ್ಲ ಒಂದು ಡಬ್ಬಿಯಲ್ಲಿ ಮುಚ್ಚಿ ಎಲ್ಲಿ ಬೇಕಾದರೂ ಒಯ್ದು ಇಡಬಹುದು, ಇನ್ನು ಜಗಳವೇ ಇಲ್ಲ ಎಂದರು. ಜಗಳ ನಿಲ್ಲಲಿಲ್ಲ, ಡಬ್ಬಿಯ ಬಾಗಿಲಿಗೆ ಬಂದು ಕೂತಿತು. ಡಬ್ಬಿಯನ್ನು ಯಾವಾಗ ಬೇಕಾದರೂ ಬಿಸಾಕಿ ಹೊಸದು ತರುತ್ತಾರೆ. ಆದ್ದರಿಂದ ಜನ ಕಳಿಸಿದ ಫೋಟೊ, ಕಾಗದಪತ್ರಗಳನ್ನು ಅದರೊಳಗೆ ಇಡುವಂತಿಲ್ಲ. ಸರ್ವರಿನ ಒಂದು ಫೋಲ್ಡರನ್ನು ಡಬ್ಬಿಗೆ ಜೋಡಿಸಿ ಅಲ್ಲಿ ಇಡಬೇಕು. ಒಳಗಿನ ಬಳಕೆದಾರರ ಹೆಸರು ಬೇರೆ, ಹೊರಗಿನವರ ಹೆಸರು ಬೇರೆ; ಒಬ್ಬೊಬ್ಬರ ಹೆಸರಿಗೂ ಒಂದು ನಂಬರ್. ಯಂತ್ರವೋ ಹೆಸರನ್ನು ನೋಡುವುದೇ ಇಲ್ಲ, ಬರೀ ನಂಬರ್ ನೋಡುತ್ತದೆ.

ನಮ್ಮ ಸೊಸೈಟಿಯನ್ನೇ ತೆಗೆದುಕೊ. ಎ ವಿಂಗಿನಲ್ಲಿ 204 ನಾವು. ಬಿ ವಿಂಗಿನಲ್ಲೂ ಒಂದು 204 ಇದೆ. ಕೊರಿಯರ್‌ನವನು ವಿಂಗ್ ನೋಡದೆ 204 ಎಂದಷ್ಟೇ ನೋಡಿ ಅವರ ಮನೆಯ ಸೀಗಡಿ ಉಪ್ಪಿನಕಾಯಿಯನ್ನು ನಮ್ಮ ಬಾಗಿಲಿಗೆ ತಂದಿಟ್ಟಿದ್ದು ನೆನಪಿದೆಯಲ್ಲ? ಯಂತ್ರ ಆ ಕೊರಿಯರ್‌ನವನ ಹಾಗೆ. ಡಬ್ಬಿಯೊಳಗಿನ 1000 ನಂಬರಿನವನೂ ಹೊರಗಿನ 1000 ನಂಬರಿನವನೂ ಅದಕ್ಕೆ ಒಬ್ಬನೇ.

ಇಷ್ಟನ್ನು ತಿಳಿಸಲು ನನ್ನ ಅರ್ಧ ಆಯುಷ್ಯ ಹೋಯಿತು. ಪ್ರೋಗ್ರಾಮ್ ಬರೆಯುವ ಹುಡುಗರು ಬಂದು “ಕಾಕೂ, ಮೇರೇ ಲ್ಯಾಪ್‌ಟಾಪ್ ಪೇ ತೋ ಚಲ್ತಾ ಹೈ” ಎನ್ನುತ್ತಿದ್ದರು; ಚಿಕ್ಕಮ್ಮ, ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದಲ್ಲ ಎಂದು. ಅವರ ಲ್ಯಾಪ್‌ಟಾಪಿನಲ್ಲಿ ಅವರ ನಂಬರ್ 1000, ಡಬ್ಬಿಯೊಳಗೂ 1000; ನಡೆಯದೆ ಏನು ಮಾಡುತ್ತದೆ? “ಹಾಗಾದರೆ ನಿನ್ನ ಲ್ಯಾಪ್‌ಟಾಪನ್ನೇ ಗಿರಾಕಿಗೆ ಕೊಟ್ಟು ಮನೆಗೆ ಹೋಗು” ಎಂದು ಬಾಯಿಯವರೆಗೆ ಬರುತ್ತಿತ್ತು. ಹೇಳುತ್ತಿರಲಿಲ್ಲ. ನನ್ನ ನಾಚಿಕೆ ಅಂಥದು. ಸಿಟ್ಟೆಲ್ಲ ಕೀಬೋರ್ಡಿನ ಮೇಲೆ ಹೋಗುತ್ತಿತ್ತು.

ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಅವರದೇ ಸರ್ವರ್ ಇತ್ತು. ಹೊಸ ಡಬ್ಬಿ ಎದ್ದ ತಕ್ಷಣ ಸಾಯುತ್ತದೆ ಎಂದು ಎರಡು ದಿನ ಫೋನಿನಲ್ಲಿ ಕೂಗಾಡಿದರು. ಕೊನೆಗೆ ನಾನೇ ಹೋದೆ. ನೋಡಿದರೆ, ಫೋಲ್ಡರ್ ಮಾಡುವುದಕ್ಕೆ ಮೊದಲೇ ಡಬ್ಬಿಯನ್ನು ಎಬ್ಬಿಸಿದ್ದಾರೆ. ಫೋಲ್ಡರ್ ಇಲ್ಲದಿದ್ದರೆ ಅದು ‘ಇಲ್ಲ’ ಎಂದು ಹೇಳುವುದಿಲ್ಲ; ಬಾಯಿ ಮುಚ್ಚಿಕೊಂಡು ತಾನೇ ಒಂದನ್ನು ಮಾಡಿ ಯಂತ್ರದ ಯಜಮಾನ ‘ರೂಟ್’ ಹೆಸರಿಗೆ ಬರೆದುಬಿಡುತ್ತದೆ. ಒಳಗಿನ ಬಡ ಪ್ರೋಗ್ರಾಮು ಅದರೊಳಗೆ ಕಾಲಿಡುವಂತಿಲ್ಲ. ಒಂದು ಸಾಲಿನ ಕೆಲಸ. ಎರಡು ದಿನದ ಕೂಗಾಟ, ಜೊತೆಗೆ ನನ್ನ ಒಂದೂವರೆ ತಾಸಿನ ಪ್ರಯಾಣ. ಅಲ್ಲಿಯ ಮ್ಯಾನೇಜರ್ “ಇತನಾ ಹೀ ಥಾ?” ಎಂದು ಕೇಳಿದ. ಹೌದಪ್ಪಾ, ಇಷ್ಟೇ ಇರುತ್ತದೆ. ಯಾವಾಗಲೂ ಇಷ್ಟೇ.

ಇನ್ನು ನಿನ್ನ ಸೆವೆನ್ ಸೆವೆನ್ ಸೆವೆನ್. ಖಾರಘರದ ಒಂದು ಟ್ಯೂಷನ್ ಕ್ಲಾಸಿನ ಸೈಟಿಗೆ ನಮ್ಮವನೊಬ್ಬ ಹಾಗೇ ಮಾಡಿ ಮನೆಗೆ ಹೋಗಿದ್ದ. ಅದೇ ಸರ್ವರ್ ಮೇಲೆ ಇನ್ನೊಬ್ಬರ ಹಳೆಯ, ತೂತುಬಿದ್ದ ಸೈಟೊಂದಿತ್ತು. ಯಾರೋ ಆ ತೂತಿನಿಂದ ಒಳಗೆ ಬಂದು, ಬಾಗಿಲು ತೆರೆದ ಮನೆ ಹುಡುಕಿ, ಇಲ್ಲಿ ತಮ್ಮ ಸಾಮಾನು ತುಂಬಿದರು. ಮರುದಿನ ಹತ್ತನೆಯ ಕ್ಲಾಸಿನ ಮಕ್ಕಳು ಟೈಮ್‌ಟೇಬಲ್ ನೋಡಲು ಹೋದರೆ ಜೂಜಿನ ಜಾಹೀರಾತು. ತಂದೆತಾಯಿಗಳ ಫೋನುಗಳಿಗೆಲ್ಲ ಉತ್ತರ ಕೊಟ್ಟವರು ನಮ್ಮ ಮೇಲಿನ ಭಟ್ ಸರ್.

ಭಟ್ ಸರ್ ಬಗ್ಗೆ ಹೇಳಬೇಕು. ಉಡುಪಿಯ ಕಡೆಯವರು, ಆದರೆ ಹುಟ್ಟಿ ಬೆಳೆದದ್ದು ಠಾಣೆಯಲ್ಲಿ, ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ಕೆಟ್ಟವರಲ್ಲ. ಆದರೆ ಅವರ ಒಂದು ಪದ್ಧತಿ ನನ್ನ ತಲೆ ತಿನ್ನುತ್ತಿತ್ತು: ಹಿಂದೆ ಕೆಲವರಿಗಿದ್ದ ಸ್ವಂತ ಲಾಗಿನ್ ತೆಗೆಸಿ, ಸರ್ವರಿಗೆ ಎಲ್ಲರಿಗೂ ಸೇರಿ ಒಂದೇ ಲಾಗಿನ್. ‘ಡಿಪ್ಲಾಯ್’ ಎಂದು ಅದರ ಹೆಸರು. ಐದು ಮಂದಿ, ಒಂದು ಪಾಸ್‌ವರ್ಡ್.

“ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡೂಣು ಸರ್” ಎಂದು ನಾನು ಒಮ್ಮೆ ಧೈರ್ಯ ಮಾಡಿ ಹೇಳಿದೆ.

“ಎಂತಕ್ಕೆ ಮಾರಾಯ್ರೆ? ನಾವೆಲ್ಲ ಮನೆಯವರ ಹಾಗೆ ಅಲ್ವಾ?”

“ಯಾರು ಏನ್ ಮಾಡಿದ್ರು ಅಂತ ಗೊತ್ತಾಗೂದಿಲ್ಲರಿ.”

“ನಿಮ್ಮ ಪುಸ್ತಕ ಉಂಟಲ್ಲ ಶಾಂತಕ್ಕ!”

ನನ್ನ ಪುಸ್ತಕ ಎಂದರೆ ಗೆರೆ ಹಾಕಿದ ಒಂದು ನೋಟ್‌ಬುಕ್. ಕೆಲಸ ಮಾಡುವ ಮೊದಲು ಏನು ಮಾಡಲಿದ್ದೇನೆ ಎಂದು ಅದರಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಊರ ಶಾಲೆಯ ಮಾಸ್ತರರು ಪಾಟಿಯ ಮೇಲೆ ಬರೆಯದೆ ಉತ್ತರ ಹೇಳಲು ಬಿಡುತ್ತಿರಲಿಲ್ಲ. ಆ ರೂಢಿ ಹಾಗೇ ಉಳಿಯಿತು. ಬೇರೆಯವರೂ ದೊಡ್ಡ ಕೆಲಸ ಮಾಡುವಾಗ ಕೂಗಿ ಹೇಳುತ್ತಿದ್ದರು, “ಕಾಕೂ, ಲಿಖ್ ಲೋ.” ನಾನು ಬರೆದುಕೊಳ್ಳುತ್ತಿದ್ದೆ. ಆಫೀಸಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

ನನ್ನ ಕೊನೆಯ ವರ್ಷದಲ್ಲಿ ಸ್ನೇಹಲ್ ಬಂದಳು. ಕಲ್ಯಾಣದವಳು, ಮರಾಠಿ ಹುಡುಗಿ. ಮಗುವಾದ ಮೇಲೆ ಮೂರು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸ ಹುಡುಕಿದವಳು. ‘ನಡುವೆ ಗ್ಯಾಪ್ ಇದೆ’ ಎಂದು ನಾಲ್ಕಾರು ಕಡೆ ತಿರುಗಿಸಿ ಕಳಿಸಿದ್ದರಂತೆ. ಭಟ್ ಸರ್ ಆರು ತಿಂಗಳು ಪ್ರೊಬೇಷನ್ ಮೇಲೆ ತೆಗೆದುಕೊಂಡರು. ಗಂಡನಿಗೆ ಖಾಯಂ ಕೆಲಸವಿರಲಿಲ್ಲ. ಆ ಆರು ತಿಂಗಳು ಮುಗಿದು ಕಾಗದದ ಮೇಲೆ ಸಹಿ ಬೀಳುವುದನ್ನು ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದೆವು. ನನ್ನ ಶೇಂಗಾ ಚಟ್ನಿ ಅವಳ ಡಬ್ಬಿಗೆ, ಅವಳ ಥಾಲಿಪೀಟ ನನ್ನ ಡಬ್ಬಿಗೆ.

ಕಲ್ಯಾಣದ ಒಂದು ರಕ್ತಪರೀಕ್ಷೆಯ ಲ್ಯಾಬು ನಮ್ಮ ಗಿರಾಕಿ. ಅವರ ಹಳೆಯ ಸೈಟನ್ನು ಕಂಟೇನರಿಗೆ ಹಾಕಿದವಳು ಸ್ನೇಹಲ್. ಅಚ್ಚುಕಟ್ಟಾಗಿ ಮಾಡಿದ್ದಳು. ಖಂಡೇನವಮಿಗೆ ಎಂಟು ದಿನ ಮೊದಲು ಅದು ಹೊಸ ರೂಪದಲ್ಲಿ ನಡೆಯತೊಡಗಿತ್ತು.

ನಮ್ಮ ಆಫೀಸಿನಲ್ಲಿ ಖಂಡೇನವಮಿ ದೊಡ್ಡ ಹಬ್ಬ. ಆಯುಧಪೂಜೆ, ಅಂದರೆ ನಮ್ಮಲ್ಲಿ ಯಂತ್ರಗಳಿಗೆ ಪೂಜೆ. ಸರ್ವರುಗಳು ಆಗಲೇ ಎಲ್ಲೋ ದೂರ ಬಾಡಿಗೆಯ ಜಾಗದಲ್ಲಿದ್ದವು. ನಾವು ಕುಂಕುಮ ಹಚ್ಚುತ್ತಿದ್ದುದು ಮಾನಿಟರಿಗೆ, ಚೆಂಡುಹೂವಿನ ಮಾಲೆ ಹಾಕುತ್ತಿದ್ದುದು ವೈ-ಫೈ ಡಬ್ಬಿಗೆ. ಹಿಂದಿನ ದಿನ ಮಧ್ಯಾಹ್ನದಿಂದ ಎಲ್ಲರೂ ತಮ್ಮ ತಮ್ಮ ಮೇಜು ಒರೆಸಬೇಕು, ಕಪಾಟು ತೆಗೆದು ಕಸ ಹಾಕಬೇಕು. ನನ್ನ ಮೇಜಿನ ಮೇಲೆ ಕಸವೇ ಇರಲಿಲ್ಲ. ಹಬ್ಬದ ಮುನ್ನಾದಿನ ಕೈಕಟ್ಟಿ ಕೂರುವುದು ಹೇಗೆ? ಪ್ರತಿ ವರ್ಷದ ಹಾಗೆ ಸರ್ವರನ್ನೇ ಸ್ವಚ್ಛ ಮಾಡಿದೆ. ಹಳೆಯ ಲಾಗ್‌ಗಳನ್ನು ಅಳಿಸಿದೆ, ಬೇಡದ ಬ್ಯಾಕಪ್ ತೆಗೆದೆ, ಕೆಲಸ ಬಿಟ್ಟು ಹೋದವರ ಹೆಸರಿನಲ್ಲಿ ಉಳಿದ ಫೈಲುಗಳನ್ನು ಡಿಪ್ಲಾಯ್ ಹೆಸರಿಗೆ ಬರೆದೆ. ಒಬ್ಬ ಬಳಕೆದಾರನನ್ನು ತೆಗೆದುಹಾಕಿದರೆ ಅವನ ಫೈಲುಗಳ ಮುಂದೆ ಹೆಸರು ಹೋಗಿ ಬರೀ ನಂಬರ್ ಉಳಿಯುತ್ತದೆ. ವಾರಸುದಾರರಿಲ್ಲದ ಫೈಲುಗಳು. ಅವನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಒಟ್ಟು ಹನ್ನೊಂದು ಕೆಲಸ ಮಾಡಿದೆ. ಪುಸ್ತಕದಲ್ಲಿ ಹನ್ನೊಂದು ಸಾಲು.

ಹಬ್ಬ ಮುಗಿಯಿತು, ಬಾಳೆಲೆ ಎತ್ತಿದ್ದಾಯಿತು. ಸೋಮವಾರ ಬೆಳಗ್ಗೆ ನಾನು ಘಣಸೋಲಿ ಸ್ಟೇಷನ್ ಮೆಟ್ಟಿಲು ಇಳಿಯುವಾಗಲೇ ಭಟ್ ಸರ್ ಫೋನು.

“ಶಾಂತಕ್ಕ, ಎಲ್ಲಿದ್ದೀರಿ? ಲ್ಯಾಬಿನವರು ಜೀವ ತಿಂತಿದ್ದಾರೆ. ಒಂದು ರಿಪೋರ್ಟೂ ಅಪ್‌ಲೋಡ್ ಆಗುದಿಲ್ಲವಂತೆ. ಕೌಂಟರ್ ಎದುರು ಜನ ನಿಂತಿದ್ದಾರಂತೆ.”

ಹಳೆಯ ರಿಪೋರ್ಟುಗಳು ಕಾಣುತ್ತಿದ್ದವು, ಹೊಸದು ಹೋಗುತ್ತಿರಲಿಲ್ಲ. ರಜೆಯಲ್ಲಿ ಲ್ಯಾಬು ಮುಚ್ಚಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ನಾನು ಕುರ್ಚಿಗೆ ಚೀಲ ನೇತುಹಾಕಿ ಕೂತು ನೋಡಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಕಂಟೇನರಿನೊಳಗಿನ ಪ್ರೋಗ್ರಾಮಿನ ನಂಬರ್ 1001. ಹೊರಗೆ ರಿಪೋರ್ಟಿನ ಫೋಲ್ಡರ್ ಡಿಪ್ಲಾಯ್ ಹೆಸರಿನಲ್ಲಿದೆ, ಅದು 1000. ಬರೆಯಲು ಬಿಡುವುದಾದರೂ ಹೇಗೆ? ಫೋಲ್ಡರನ್ನು 1001ಕ್ಕೆ ಬರೆದುಕೊಟ್ಟೆ. ರಿಪೋರ್ಟುಗಳು ಹೋಗತೊಡಗಿದವು.

ಸ್ನೇಹಲ್ ನನ್ನ ಹಿಂದೆ ನಿಂತಿದ್ದಳು. ನಾನು ತಿರುಗಿ, ಎಂದೂ ಯಾರಿಗೂ ದನಿ ಎತ್ತದವಳು, ಎಲ್ಲರೂ ಕೇಳುವಂತೆ ಹಿಂದಿಯಲ್ಲಿ ಅವಳನ್ನು ಬೈದೆ. ಎಷ್ಟು ಸಲ ಹೇಳಿದ್ದೇನೆ, ಹೆಸರು ನೋಡಬೇಡ, ನಂಬರ್ ನೋಡು ಎಂದು? ನಿಮಗೆಲ್ಲ ಅವಸರ. ನನ್ನ ಬಾಯಿಂದ ಅಷ್ಟು ಮಾತು ಬಂದದ್ದು ಆಫೀಸಿನಲ್ಲಿ ಅದೇ ಮೊದಲು.

“ಕಾಕೂ, ಮೀ ನಾಹೀ ಕೇಲಂ” ಎಂದಳು. ನಾನು ಮಾಡಿಲ್ಲ ಎಂದು.

“ಮತ್ತೆ ಭೂತ ಮಾಡಿತಾ?” ಎಂದು ಭಟ್ ಸರ್ ತಮ್ಮ ಕೋಣೆಯ ಬಾಗಿಲಿನಿಂದಲೇ ಕೇಳಿದರು. ಅವಳಿಗೆ ಕನ್ನಡ ಬರದಿದ್ದರೂ ದನಿ ಅರ್ಥವಾಯಿತು.

ಲ್ಯಾಬಿನವರು ಸುಮ್ಮನಾಗಲಿಲ್ಲ. ಯಾರು ಮಾಡಿದರು, ಯಾಕೆ ಮಾಡಿದರು, ಬರಹದಲ್ಲಿ ಕೊಡಿ ಎಂದರು. ಸರ್ವರಿನ ದಾಖಲೆಯಲ್ಲಿ ಎಲ್ಲ ಕೆಲಸದ ಮುಂದೆಯೂ ಒಂದೇ ಹೆಸರು: ಡಿಪ್ಲಾಯ್. ಮನೆಯವರ ಹಾಗೆ ಇದ್ದುದರ ಫಲ. ಫೋಲ್ಡರ್ ಡಿಪ್ಲಾಯ್ ಹೆಸರಿಗೆ ಹೋಗಿದ್ದು ಹಬ್ಬದ ಮುನ್ನಾದಿನ ಸಂಜೆ ಎಂದಷ್ಟೇ ತಿಳಿಯಿತು. ಅದೇ ಸಂಜೆ ಸ್ನೇಹಲ್ ಆ ಸೈಟಿಗೆ ಒಂದು ಚಿಕ್ಕ ದುರಸ್ತಿ ಹಾಕಿ ಹೋಗಿದ್ದಳು. ಅಷ್ಟು ಸಾಕಾಯಿತು. ಅವಳ ಪ್ರೊಬೇಷನ್ ಮುಗಿಯುವುದು ಆ ಶುಕ್ರವಾರ.

ಮಂಗಳವಾರ ಹನ್ನೊಂದಕ್ಕೆ ಭಟ್ ಸರ್ ಐದು ಜನರನ್ನೂ ಮೀಟಿಂಗ್ ಕೋಣೆಗೆ ಕರೆದರು. ಸ್ನೇಹಲ್ ನನ್ನ ಪಕ್ಕದಲ್ಲಿ ಕೂತಳು.

“ಶಾಂತಕ್ಕ, ನಿಮ್ಮ ಪುಸ್ತಕ ತೆಗೀರಿ. ಆ ದಿನದ್ದು ಓದಿ. ಹಿಂದಿಯಲ್ಲಿ ಹೇಳಿ, ಎಲ್ಲರಿಗೂ ಗೊತ್ತಾಗ್ಲಿ.”

ಪುಟ ತೆಗೆದೆ. ಕಣ್ಣು ನೇರ ಏಳನೆಯ ಸಾಲಿನ ಮೇಲೆ ಬಿತ್ತು. ‘ಲ್ಯಾಬು. ರಿಪೋರ್ಟ್ ಫೋಲ್ಡರ್. 1001, ವಾಘ್ ಬಿಟ್ಟದ್ದು. ಡಿಪ್ಲಾಯ್‌ಗೆ ಬರೆಯುವುದು.’ ನನ್ನದೇ ಅಕ್ಷರ; ಅಲ್ಲಿಯ ತನಕ ನೆನಪಿಗೇ ಬಂದಿರಲಿಲ್ಲ.

ವಾಘ್ ನಮ್ಮಲ್ಲಿದ್ದ ಒಬ್ಬ ಹುಡುಗ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟಿದ್ದ. ಅವನಿಗಿದ್ದ ಸ್ವಂತ ಲಾಗಿನ್ನಿನ ನಂಬರ್ 1001. ಆ ಲಾಗಿನ್ ತೆಗೆದುಹಾಕಿದವಳು ನಾನೇ. ಲ್ಯಾಬಿನ ಫೋಲ್ಡರಿನ ಮುಂದೆ ಹೆಸರಿಲ್ಲದ 1001 ಕಂಡಾಗ, ಇದು ವಾಘ್ ಬಿಟ್ಟುಹೋದ ಕಸ ಎಂದು ನನ್ನ ಮೂವತ್ತು ವರ್ಷದ ಅನುಭವ ಹೇಳಿತು. ಎಂಟು ದಿನದ ಹಿಂದೆ ಆ ಸೈಟು ಕಂಟೇನರಿಗೆ ಹೋಗಿದೆ, ಒಳಗಿನ 1001 ಜೀವಂತ ಇದ್ದಾನೆ, ಹೊರಗೆ ಅವನಿಗೆ ಹೆಸರಿಲ್ಲ ಅಷ್ಟೇ ಎಂಬುದು ಹೊಳೆಯಲಿಲ್ಲ. ಊರಿಗೆಲ್ಲ ವಿಂಗ್ ನೋಡು, ವಿಂಗ್ ನೋಡು ಎಂದು ಹೇಳಿದವಳು ನಾನು.

ಓದಲು ಸುರು ಮಾಡಿದೆ. ಒಂದು, ಎರಡು, ಮೂರು. ಆರರ ತನಕ ಓದಿ ಎಂಟಕ್ಕೆ ಹೋದೆ.

ಹೌದು, ಬಿಟ್ಟೆ. ಇದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಹೆದರಿಕೆ ಎಂದರೂ ಸರಿ, ನಾಚಿಕೆ ಎಂದರೂ ಸರಿ. ನಾಲಗೆ ತಾನಾಗಿ ಆ ಸಾಲನ್ನು ದಾಟಿತು. ಕೋಣೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

“ಹಾಗಾದ್ರೆ ಪುಸ್ತಕದಲ್ಲಿಲ್ಲ” ಎಂದರು ಭಟ್ ಸರ್. “ಬರೆಸದೆ ಮಾಡಿದ್ದು. ಇನ್ನೂ ಕೆಟ್ಟದ್ದು.” ಅವರು ಸ್ನೇಹಲ್ ಕಡೆ ನೋಡಿದರು. “ಚಾರ್ ಬಜೇ ಲೆಟರ್ ಭೇಜೂಂಗಾ. ಕುಛ್ ಬೋಲನಾ ಹೈ?”

ನಾಲ್ಕಕ್ಕೆ ಲ್ಯಾಬಿಗೆ ಅವಳ ಹೆಸರು ಬರೆದ ಕಾಗದ ಹೋಗುತ್ತದೆ, ಏನಾದರೂ ಹೇಳುವುದಿದೆಯೇ ಎಂದು. ಅವಳು ಇಲ್ಲ ಎಂದು ತಲೆಯಾಡಿಸಿದಳು.

ಊಟದ ಹೊತ್ತಿಗೆ ಅವಳು ಎಂದಿನ ಹಾಗೆ ಎದುರು ಬಂದು ಕೂತಳು. ಅರ್ಧ ಥಾಲಿಪೀಟ ಮುರಿದು ನನ್ನ ಡಬ್ಬಿಯಲ್ಲಿ ಇಟ್ಟಳು. ನಾನು ಚಟ್ನಿ ಕೊಡಲು ಹೋದೆ, ಮೇಜಿನ ಮೇಲೆ ಚೆಲ್ಲಿತು. ಅವಳೇ ಒರೆಸಿದಳು. ಆ ಥಾಲಿಪೀಟವನ್ನು ಮುಟ್ಟದೆ ಡಬ್ಬಿ ಮುಚ್ಚಿದೆ.

ಮೂರೂವರೆಗೆ ಪುಸ್ತಕ ಹಿಡಿದು ಭಟ್ ಸರ್ ಬಾಗಿಲಿಗೆ ಹೋದೆ. ಅಲ್ಲೇ ನಿಂತು, “ಸರ್, ಎಲ್ಲಾರನ್ನೂ ಇನ್ನೊಮ್ಮೆ ಕರೀರಿ” ಎಂದೆ.

“ಎಂತ ಆಯ್ತು?”

“ಒಂದ್ ಸಾಲು ಓದೂದು ಉಳದೈತ್ರಿ.”

ಎಲ್ಲರೂ ಬಂದರು. ನಾನು ಕೂರಲಿಲ್ಲ. ಏಳನೆಯ ಸಾಲನ್ನು ಕನ್ನಡದಲ್ಲಿ ಒಮ್ಮೆ ಓದಿದೆ, ಹಿಂದಿಯಲ್ಲಿ ಒಮ್ಮೆ ಹೇಳಿದೆ. ಬೆಳಗ್ಗೆ ಬೇಕೆಂದೇ ಬಿಟ್ಟೆ ಎಂದೂ ಹೇಳಿದೆ. ಎಲ್ಲ ಸೇರಿ ಒಂದು ನಿಮಿಷವಾಗಿರಬಹುದು.

ಭಟ್ ಸರ್ ಉಳಿದವರನ್ನು ಕಳಿಸಿ, “ಐದು ತಿಂಗಳು ಉಂಟು ನಿಮ್ಮ ರಿಟೈರ್‌ಮೆಂಟಿಗೆ. ಎಂತ ಶಾಂತಕ್ಕ ಇದು? ನಾನು ಯಾರಿಗೆ ಬೈಯುದು ಈಗ?” ಎಂದರು. ಆಮೇಲೆ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ ಕಾಗದದಲ್ಲಿ ಸ್ನೇಹಲ್ ಹೆಸರು ಅಳಿಸಿ ನನ್ನ ಹೆಸರು ಹಾಕಿದರು. ನಾನು ಎದುರಿಗೇ ನಿಂತು ನೋಡಿದೆ.

ಮರುವಾರ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಬಂತು. ನಾನು ಅಂದು ಬೇಡಿದ್ದು. ನಾಲ್ಕು ಜನರಿಗೆ ಬಂತು, ನನಗೆ ಬರಲಿಲ್ಲ. ನನ್ನ ಕೈ ತಮ್ಮ ಸೈಟಿಗೆ ತಾಗಬಾರದು ಎಂದು ಲ್ಯಾಬಿನವರು ಹೇಳಿದ್ದರಂತೆ. ಕೊನೆಯ ಐದು ತಿಂಗಳು ನಾನು ಬೇರೆಯವರ ಹಿಂದೆ ಕುರ್ಚಿ ಹಾಕಿಕೊಂಡು ಕೂತು “ಅದಲ್ಲ, ನಂಬರ್ ನೋಡು” ಎಂದು ಹೇಳುವ ಕೆಲಸ ಮಾಡಿದೆ. ಅವರು ಕೇಳುತ್ತಿದ್ದರೇ? ಅರ್ಧ ದಿನ ಕೇಳುತ್ತಿರಲಿಲ್ಲ.

ಸ್ನೇಹಲ್‌ಳ ಕಾಗದದ ಮೇಲೆ ಶುಕ್ರವಾರವೇ ಸಹಿ ಬಿತ್ತು. ಆ ಸಂಜೆ ಇಬ್ಬರೂ ಠಾಣೆಯ ತನಕ ಒಂದೇ ಲೋಕಲ್ ರೈಲುಗಾಡಿಯಲ್ಲಿ ಬಂದೆವು. ಲೇಡೀಸ್ ಡಬ್ಬಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅವಳ ಬಾಯಿ ನನ್ನ ಕಿವಿಯ ಹತ್ತಿರವಿತ್ತು.

“ಕಾಕೂ, ಮೀ ಮೋಜಲ್ಯಾ ಹೋತ್ಯಾ” ಎಂದಳು. “ಅಕರಾ ಓಳೀ.” ನಾನು ಎಣಿಸಿದ್ದೆ, ಹನ್ನೊಂದು ಸಾಲು ಎಂದು.

ಅವಳಿಗೆ ಕನ್ನಡದ ಒಂದು ಅಕ್ಷರ ಬರುವುದಿಲ್ಲ. ಆದರೆ ಮೀಟಿಂಗಿನಲ್ಲಿ ಪಕ್ಕದಲ್ಲಿ ಕೂತು ಪುಟದ ಸಾಲುಗಳನ್ನು ಎಣಿಸಿದ್ದಳು. ಹನ್ನೊಂದು ಸಾಲು, ನಾನು ಓದಿದ್ದು ಹತ್ತು. ಗೊತ್ತಿದ್ದೂ ಥಾಲಿಪೀಟ ಮುರಿದು ಕೊಟ್ಟಿದ್ದಳು.

“ಮಗ ಬೋಲಲೀ ಕಾ ನಾಹೀಸ್?” ಯಾಕೆ ಹೇಳಲಿಲ್ಲ ಎಂದು ನನ್ನ ಹರುಕು ಮರಾಠಿಯಲ್ಲಿ ಕೇಳಿದೆ.

ನಾಲ್ಕು ಗಂಟೆಯ ತನಕ ಕಾಯೋಣ ಎಂದುಕೊಂಡಿದ್ದೆ ಎಂದಳು. ಠಾಣೆ ಬಂತು. ಜನರ ನೂಕಿಗೆ ಅವಳು ಒಂದು ಬಾಗಿಲಿನಿಂದ, ನಾನು ಇನ್ನೊಂದು ಬಾಗಿಲಿನಿಂದ ಇಳಿದೆವು.

ಅನ್ವಿ, ಆ ನೋಟ್‌ಬುಕ್ಕನ್ನೂ ಇದರ ಜೊತೆಗೆ ಇಟ್ಟಿದ್ದೇನೆ. ಖಂಡೇನವಮಿಯ ಪುಟದಲ್ಲಿ ಗುರುತಿಗೆ ಒಂದು ನೂಲು ಇದೆ. ನಿಮ್ಮ ಅಮ್ಮನ ಕೈಲಿ ಓದಿಸಿಕೊ. ಅವಳಿಗೆ ನನ್ನ ಮೇಲೆ ಮಾಯೆ-ಮಮತೆ ಹೆಚ್ಚು. ಅವಳು ಓದುವಾಗ ನೀನು ಬೆರಳು ಮಡಚಿ ಸಾಲು ಎಣಿಸು.